ಚಾಕಿ ಕಾರಿನ ಹೊಟ್ಟೆಬಾಕತನ

ಉಯ್ಯಂಬಳ್ಳಿ
12-8-1999

ಅಪ್ಪನಿಗೆ ಶಿವಲಿಂಗಿಯ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನೀವು ಕೊಡಿಸಿದ ಕಾರು ಒಂದೇ. ಅದಕ್ಕೇ ಈ ಕಾಗದ.

ಯುಗಾದಿಗೆ ನೀವು ಅದನ್ನು ಚನ್ನಪಟ್ಟಣದ ಡಾಕ್ಟರ ಮನೆಯಿಂದ ಕೊಂಡು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದಾಗ ಲೀಟರಿಗೆ ಹದಿನಾರು ಹದಿನೇಳು ಕಿಲೋಮೀಟರು ಓಡುತ್ತಿತ್ತು. ಹನ್ನೆರಡು ವರ್ಷದ ಹಳೇ ಗಾಡಿಯಾದರೂ ಇದ್ದುದರಲ್ಲೇ ಸಂಸಾರ ತೂಗಿಸುತ್ತದೆ ಎಂದು ನೀವೇ ಹೊಗಳಿದ್ದಿರಿ. ಈಗ ಹನ್ನೊಂದು ಓಡಿದರೆ ಪುಣ್ಯ. ಬಂಕಿನವರು ನನ್ನನ್ನು ಕಂಡರೆ ನಗುತ್ತಾರೆ, ಅಷ್ಟು ಪರಿಚಯ ಆಗಿಬಿಟ್ಟಿದೆ.

ಬರೀ ಪೆಟ್ರೋಲಿನ ಮಾತಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಕಾರಿನ ಹಿಂದೆ ಒಂದು ವಾಸನೆ ಬರುತ್ತದೆ ಅಪ್ಪ, ಸುಟ್ಟೂ ಸುಡದ ಪೆಟ್ರೋಲಿನ ವಾಸನೆ. ನಾನು ಹಿಂದಿನ ಸೀಟು ಮಡಿಸಿ ಟ್ರೇಗಳಲ್ಲಿ ಇಟ್ಟುಕೊಂಡು ಹೋಗುವುದು ಏನನ್ನು ಎಂದು ನಿಮಗೆ ಗೊತ್ತಲ್ಲ. ಮೊಟ್ಟೆಯೊಡೆದ ದಿನದಿಂದ ಎರಡು ಸಲ ಪೊರೆ ಬಿಟ್ಟು ಎರಡನೆಯ ಜ್ವರದಿಂದ ಏಳುವ ತನಕ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಚಾಕಿ ಹುಳು, ರೇಷ್ಮೆಯ ಎಳೇ ಕೂಸು. ರೇಷ್ಮೆ ಮನೆಯ ಹತ್ತಿರ ಯಾರೂ ಬೀಡಿ ಹಚ್ಚಬಾರದು, ನಾನು ತಲೆಗೆ ವಾಸನೆಯ ಎಣ್ಣೆ ಹಚ್ಚುವುದನ್ನೇ ಬಿಟ್ಟಿದ್ದೇನೆ. ಅಂಥ ಹುಳುವನ್ನು ಪೆಟ್ರೋಲಿನ ಹೊಗೆಯಲ್ಲಿ ಸಾಗಿಸಿದರೆ ಏನಾಗುತ್ತದೆ? ಹೋದ ಸಲ ಹುಚ್ಚಯ್ಯನವರ ಮನೆಗೆ ಸಾಕಲು ಕೊಟ್ಟ ಹುಳು ಮೊದಲ ದಿನ ಸೊಪ್ಪನ್ನೇ ಮುಟ್ಟಲಿಲ್ಲವಂತೆ. ಅವರು ಒಳ್ಳೆಯವರು, ಜಗಳ ಮಾಡಲಿಲ್ಲ. ಒಂದೇ ಮಾತು ಹೇಳಿದರು: "ಇನ್ನೊಂದ್ಸಲ ಹಿಂಗಾದ್ರೆ ನಾನು ಬ್ಯಾರೆ ಕಡೆ ಚಾಕಿ ತಗತೀನಿ ಕಣವ್ವ, ಬ್ಯಾಸ್ರ ಮಾಡ್ಕಬ್ಯಾಡ."

ಒಬ್ಬರು ಹೋದರೆ ಹತ್ತು ಜನ ಹೋಗುತ್ತಾರೆ. ನಿಮ್ಮ ಅಳಿಯಂದಿರು ಕಾರನ್ನು ಕೊಟ್ಟುಬಿಡೋಣ, ಹುಳುವನ್ನು ಗೂಡ್ಸ್ ಆಟೋದಲ್ಲಿ ಕಳಿಸೋಣ ಎನ್ನುತ್ತಾರೆ. ಆ ಆಟೋದಲ್ಲಿ ಬೆಳಿಗ್ಗೆ ಗೊಬ್ಬರ, ಸಂಜೆ ಮೀನು. ಕಾರು ಹೋದರೆ ನನ್ನ ಚಾಕಿ ಕೇಂದ್ರವೂ ಹೋಯಿತು ಎಂದೇ ಅರ್ಥ. ಏನು ಮಾಡಲಿ ಹೇಳಿ.

ನಿಮ್ಮ ಮಗಳು
ಶಿವಲಿಂಗಮ್ಮ

*

ವಿರೂಪಾಕ್ಷಿಪುರ
21-8-1999

ಮಗಳು ಶಿವಲಿಂಗಿಯನ್ನು ಹರಸಿ ಗಂಗಹನುಮಯ್ಯ ಬರೆಯುವುದು.

ನಾನು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ಎದ್ದವನು. ನಿನ್ನ ಕಾರಿನ ಇಂಜಿನ್ನು ನನ್ನ ಕಣ್ಣಿಗೆ ಹೊಲಿಗೆ ಮಿಷಿನ್ನು. ಆದರೂ ಹೊಟ್ಟೆಬಾಕತನಕ್ಕೆ ಕಾರಣ ಎಲ್ಲ ಗಾಡಿಗೂ ಒಂದೇ. ಒಂದು, ತಿಂದದ್ದು ಸೋರಿ ಹೋಗಬೇಕು. ಎರಡು, ಯಾರೋ ಹಿಂದಕ್ಕೆ ಎಳೆಯುತ್ತಿರಬೇಕು. ಮೂರು, ಹಸಿವಿಗಿಂತ ಹೆಚ್ಚು ಬಡಿಸುತ್ತಿರಬೇಕು. ಯಾವುದೆಂದು ನೀನು ನೋಡಿ ಬರಿ, ಊಹೆ ಮಾಡಬೇಡ.

ಮೊದಲು ಅಳತೆ ಸರಿಯಾಗಿರಲಿ. ಟ್ಯಾಂಕಿನ ಕತ್ತಿನ ತನಕ ತುಂಬಿಸು, ಒಂದು ಸುತ್ತು ಹುಳು ಹಂಚಿ ಬಾ, ಮತ್ತೆ ಅದೇ ಬಂಕಿನಲ್ಲಿ ಕತ್ತಿನ ತನಕ ತುಂಬಿಸಿ ಲೆಕ್ಕ ಹಾಕು. ರಾತ್ರಿ ಕಾರಿನ ಕೆಳಗೆ ಹಳೇ ಪೇಪರು ಹಾಸಿ, ಬೆಳಿಗ್ಗೆ ತೊಟ್ಟು ಬಿದ್ದಿದೆಯಾ ನೋಡು. ಟೈರಿಗೆ ಗಾಳಿ ಹಿಡಿಸು. ಸಮನಾದ ಜಾಗದಲ್ಲಿ ಗೇರು ತೆಗೆದು ಒಂದು ಕೈಯಲ್ಲಿ ನೂಕು. ಹೋಗಲು ತಕರಾರು ಮಾಡಿದರೆ ಬ್ರೇಕು ಹಿಡಿದುಕೊಂಡಿದೆ. ಪ್ಲಗ್ಗು ಬಿಚ್ಚಿಸಿ ಯಾವ ಬಣ್ಣಕ್ಕಿದೆ ಎಂದು ಬರಿ. ಚೋಕನ್ನು ಬಿಸಿಯಾದ ಮೇಲೆ ಪೂರ್ತಿ ಒಳಕ್ಕೆ ತಳ್ಳುತ್ತೀಯಾ? ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸುವ ಚಾಳಿ ನಿನಗಿಲ್ಲ, ಕಲಿಸಿದವನು ನಾನು.

ಒಂದು ಮಾತು. ಕಾರ್ಬುರೇಟರನ್ನು ಮಾತ್ರ ಯಾರ ಕೈಗೂ ಕೊಡಬೇಡ. ಅದನ್ನು ನಾನೇ ಕೂತು ಹೊಂದಿಸಿದ್ದು. ಕಂಡಕಂಡವರು ತಿರುಪು ತಿರುಗಿಸಿದರೆ ಬ್ರಹ್ಮನೂ ಸರಿ ಮಾಡಲಾರ.

ಇಷ್ಟೆಲ್ಲ ಬರೆಯುವ ಬದಲು ಬಸ್ಸು ಹತ್ತಿ ಬರಬಾರದೇ ಎಂದು ನಿಮ್ಮವ್ವ ಮುನಿಯಮ್ಮ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾಳೆ. ಯುಗಾದಿಯ ದಿನ ನಿಮ್ಮ ಅತ್ತೆಯವರು ಹೊಸಿಲ ಮೇಲೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, "ಹೆಣ್ಣೆಂಗ್ಸು ಗಾಡಿ ಓಡ್ಸಕ್ಕೆ ಹೊಂಟ್ರೆ ಇನ್ನೇನಾದದು, ಯಾವ್ದಾರ ಹಳ್ಳಕ್ಕೆ ಹೋಗಿ ಬೀಳದೇಯ" ಎಂದರು. ನಾನು ಹಾಕಿದ್ದ ಎಲೆ ಬಿಟ್ಟು ಎದ್ದು ಬಂದೆ. ನನಗೆ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ, ಅಂದದ್ದು ನನ್ನ ಮಗಳಿಗೆ. ಅವರು ಕರೆಯುವ ತನಕ ಆ ಹೊಸಿಲು ದಾಟುವುದಿಲ್ಲ. ಅಂಚೆಯಣ್ಣನ ಕಾಲು ಗಟ್ಟಿಯಾಗಿದೆ, ನಡೆಯಲಿ.

ನಿಮ್ಮಪ್ಪ
ಗಂಗಹನುಮಯ್ಯ

*

ಉಯ್ಯಂಬಳ್ಳಿ
14-9-1999

ಅಪ್ಪನಿಗೆ,

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಪೇಪರಿನ ಮೇಲೆ ಒಂದು ತೊಟ್ಟೂ ಇಲ್ಲ. ಟೈರಿನಲ್ಲಿ ಗಾಳಿ ಕಡಿಮೆ ಇತ್ತು, ಹಿಡಿಸಿದೆ. ನೂಕಿದರೆ ಕರು ಹೋದ ಹಾಗೆ ಹೋಗುತ್ತದೆ, ಬ್ರೇಕಿನ ತಪ್ಪಲ್ಲ. ಚೋಕು ನಾನು ಮರೆತಿಲ್ಲ. ನಮ್ಮೂರ ಏರು ಹತ್ತುವುದರೊಳಗೆ ಒಳಕ್ಕೆ ತಳ್ಳಿಬಿಡುತ್ತೇನೆ, ನಿಲ್ಲುವ ತನಕ.

ಕನಕಪುರದಲ್ಲಿ ರಸೂಲ್ ಸಾಬರ ಗ್ಯಾರೇಜಿಗೆ ಹೋಗಿದ್ದೆ. ಅವರು ಗಾಳಿಯ ಫಿಲ್ಟರನ್ನು ಬದಲಿಸಿ ಪ್ಲಗ್ಗುಗಳನ್ನು ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಹಣತೆಯ ಮೇಲಿನ ಕಾಡಿಗೆಯ ಹಾಗೆ ಕಪ್ಪಗಿದ್ದವು. ಕೈ ಈಗಲೂ ಕಪ್ಪಗೇ ಇದೆ, ಕಾಗದದ ಮೂಲೆಯಲ್ಲಿ ನೋಡಿ. "ಅಮ್ಮಾ, ನಿಮ್ಮ ಗಾಡಿ ಪೆಟ್ರೋಲ್ ಕುಡೀತಾ ಇಲ್ಲ, ಬಾಯ್ ಮುಕ್ಕಳಿಸ್ತಾ ಐತೆ" ಎಂದರು. ಕಾರ್ಬುರೇಟರ್ ಬಿಚ್ಚಿ ನೋಡುತ್ತೇನೆ ಎಂದಾಗ ನಮ್ಮಪ್ಪನ ಅಪ್ಪಣೆ ಇಲ್ಲ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ದೊಡ್ಡ ಮೇಸ್ತ್ರಿ ಹೇಳಿದ ಮೇಲೆ ಮುಗೀತು ಎಂದು ಪ್ಲಗ್ಗು ಉಜ್ಜಿ ಹಾಕಿ, ಚಹಾ ತರಿಸಿಕೊಟ್ಟು ಕಳಿಸಿದರು. ಇಂಥವರು ಸಿಕ್ಕಿದ್ದು ನನ್ನ ಅದೃಷ್ಟ.

ಪ್ಲಗ್ಗು ಉಜ್ಜಿದ ಮೇಲೆ ನಾಲ್ಕು ದಿನ ಸ್ವಲ್ಪ ಹಗುರಾಗಿ ಓಡಿತು. ಆಮೇಲೆ ಹಳೇ ರಾಗ. ಕತ್ತಿನ ತನಕ ತುಂಬಿಸಿ ಲೆಕ್ಕ ಹಾಕಿದರೆ ಹತ್ತಕ್ಕೆ ಇಳಿದಿದೆ. ವಾಸನೆ ತಪ್ಪಿಸಲು ಟ್ರೇಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಎಲ್ಲ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದೇನೆ. ಹುಚ್ಚಯ್ಯನವರು ಈ ಸಲವೂ ನನ್ನ ಹತ್ತಿರವೇ ತೆಗೆದುಕೊಂಡರು. ಇನ್ನೆಷ್ಟು ಸಲವೋ.

ಶಿವಲಿಂಗಿ

*

ವಿರೂಪಾಕ್ಷಿಪುರ
25-9-1999

ಶಿವಲಿಂಗಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ. ಕಪ್ಪು ಪ್ಲಗ್ಗು ಅಂದರೆ ಬಡಿಸುವವರ ಕೈ ದೊಡ್ಡದಾಗಿದೆ. ಚೋಕಿನ ಮೇಲೆ ಅನುಮಾನವಿತ್ತು, ಪೂರ್ತಿ ಒಳಗಿದೆ ಎಂದು ನೀನೇ ಬರೆದಿದ್ದೀಯ, ಅದನ್ನು ಬಿಟ್ಟೆ. ಹಾಗಾದರೆ ಕಾರ್ಬುರೇಟರ್ ಒಳಗೆ ಪೆಟ್ರೋಲು ತಡೆಯುವ ಸೂಜಿ ಸವೆದಿರಬೇಕು. ಚನ್ನಪಟ್ಟಣದಲ್ಲಿ ಹೊಸದನ್ನು ಹುಡುಕಿ ರಸೂಲರ ವಿಳಾಸಕ್ಕೆ ಪಾರ್ಸೆಲ್ ಮಾಡುತ್ತೇನೆ. ಆ ಪುಣ್ಯಾತ್ಮನಿಗೆ ನನ್ನ ನಮಸ್ಕಾರ ಹೇಳು.

ಗಂಗಹನುಮಯ್ಯ

*

ಉಯ್ಯಂಬಳ್ಳಿ
22-10-1999

ಅಪ್ಪನಿಗೆ,

ನೀವು ಕಳಿಸಿದ ಸೂಜಿಯನ್ನು ರಸೂಲ್ ಸಾಬರು ಹಾಕಿಕೊಟ್ಟರು. ತಿರುಪುಗಳನ್ನಾಗಲಿ ತಂತಿಗಳನ್ನಾಗಲಿ ಮುಟ್ಟಲಿಲ್ಲ, ನೀವು ಇಟ್ಟಿದ್ದ ಹಾಗೇ ಬಿಟ್ಟರು. ಹಳೇ ಸೂಜಿ ಚೆನ್ನಾಗಿಯೇ ಇತ್ತಂತೆ. ಮೈಲೇಜು ಒಂಬತ್ತೂವರೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಆಯುಧಪೂಜೆಗೆ ಕಾರು ತೊಳೆದೆ. ಒಳಗೂ ಹೊರಗೂ ಕಟ್ಟಿದ್ದ ಹಳೇ ಪೂಜೆಯ ದಾರಗಳು ಎಣ್ಣೆ ಹಿಡಿದು ಅಸಹ್ಯವಾಗಿದ್ದವು. ಕತ್ತರಿಸಿ ಹಾಕಲು ಬ್ಲೇಡು ತೆಗೆದುಕೊಂಡೆ. ನಮ್ಮ ಅತ್ತೆ ಜಗಲಿಯಿಂದ ಎದ್ದು ಬಂದು ನನ್ನ ಕೈ ಹಿಡಿದರು. "ಒಳಗ್ಲುದೊಂದ ಮುಟ್ಬ್ಯಾಡ" ಎಂದರು, ಅಷ್ಟೇ. ನಾನು ಬಂದು ಆರು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಮತ್ತೆ ನೋಡಿ, ನಾನು ಹುಳು ಹಂಚಿ ಬಂದ ದಿನ ದೀಪ ಹಚ್ಚುವ ಹೊತ್ತಿಗೆ ಅವರು ಕಾರಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಎರಡು ಸಲ ಕಣ್ಣಾರೆ ನೋಡಿದ್ದೇನೆ. ನಾನು ಹತ್ತಿರ ಹೋದರೆ ಸೆರಗು ಸರಿಮಾಡಿಕೊಂಡು ಇಳಿದುಬಿಡುತ್ತಾರೆ. ಇವರನ್ನು ಕೇಳಿದರೆ "ಅವ್ವ ಸುಮ್ನೆ ಕುಂತಿರ್ತಾಳೆ ಬುಡು" ಎನ್ನುತ್ತಾರೆ. ಆ ಕಾರನ್ನು ಕಂಡರಾಗದವರು, ಇವತ್ತಿನವರೆಗೂ ಅದರಲ್ಲಿ ಒಂದು ದಿನ ಎಲ್ಲಿಗೂ ಬರದವರು, ಅದರೊಳಗೆ ಸುಮ್ಮನೆ ಯಾಕೆ ಕೂರುತ್ತಾರೆ? ಏನನ್ನೋ ತಿರುಗಿಸುತ್ತಾರೆ, ಏನನ್ನೋ ಎಳೆಯುತ್ತಾರೆ. ನನಗೆ ಹಾಗೇ ಅನ್ನಿಸುತ್ತಿದೆ.

ಕನಕಪುರದ ಒಬ್ಬರು ಕಾರನ್ನು ಕೇಳಿ ಹೋಗಿದ್ದಾರೆ. ಕಾರ್ತಿಕ ಕಳೆಯುತ್ತಲೂ ಕೊಟ್ಟುಬಿಡೋಣ ಎಂದು ಇವರು ಮಾತು ಕೊಟ್ಟಿದ್ದಾರೆ. ಕಾರು ಹೋದರೆ ನಾನು ಈ ಮನೆಯಲ್ಲಿ ಅವರ ಮುಖ ನೋಡಿಕೊಂಡು ಹೇಗಿರಲಿ?

ಶಿವಲಿಂಗಿ

*

ವಿರೂಪಾಕ್ಷಿಪುರ
30-10-1999

ಮಗಾ,

ನಿನ್ನ ಕಾಗದಕ್ಕೆ ಮೊದಲು ಬರೆದ ಉತ್ತರವನ್ನು ನಿಮ್ಮವ್ವ ಓದಿಸಿಕೊಂಡು ಕೇಳಿ ಒಲೆಗೆ ಹಾಕಿದಳು. ಒಲೆಗೆ ಹಾಕುವಂಥದ್ದೇ ಆಗಿತ್ತು. ಇದು ಎರಡನೆಯದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಅಂದಿದ್ದಾರೆ. ಡಿಪೋದಲ್ಲಿ ಒಂದು ಬಸ್ಸು ಕೆಟ್ಟರೆ ಡ್ರೈವರು ಕಂಡಕ್ಟರ ಮೇಲೆ ಹೇಳುತ್ತಿದ್ದ, ಕಂಡಕ್ಟರು ಡ್ರೈವರ ಮೇಲೆ. ನಾನು ಇಬ್ಬರನ್ನೂ ಆಚೆ ಕಳಿಸಿ ಬಸ್ಸನ್ನೇ ಕೇಳುತ್ತಿದ್ದೆ. ಈಗ ನಿನ್ನನ್ನೂ ಅತ್ತೆಯನ್ನೂ ಬಿಟ್ಟು ಕಾರನ್ನೇ ಕೇಳೋಣ. ನೀನು ಬಾಗಿಲು ತೆಗೆದು ಕೂತ ಗಳಿಗೆಯಿಂದ ಊರು ದಾಟುವ ತನಕ ನಿನ್ನ ಕೈ ಏನೇನು ಮುಟ್ಟುತ್ತದೆ, ಕಣ್ಣಿಗೆ ಏನೇನು ಕಾಣುತ್ತದೆ, ಎಲ್ಲ ಬರಿ. ಕುರುಡನಿಗೆ ಹೇಳುವ ಹಾಗೆ ಹೇಳು. ಇದೇನು ಮಹಾ ಎಂದು ಯಾವುದನ್ನೂ ಬಿಡಬೇಡ. ಮತ್ತೆ ಮೈಲೇಜು ದಿನಾ ಇಷ್ಟಿಷ್ಟು ಇಳಿಯುತ್ತಾ ಬಂತೋ, ಇಲ್ಲ ಇದ್ದಕ್ಕಿದ್ದಂತೆ ಮೆಟ್ಟಿಲು ಇಳಿದ ಹಾಗೆ ಇಳಿಯಿತೋ, ನೆನಪು ಮಾಡಿಕೊ.

ಅಲ್ಲಿಯ ತನಕ ಅತ್ತೆಗೆ ಒಂದು ಮಾತೂ ಆಡಬೇಡ. ಇದು ನಿನ್ನ ಅಪ್ಪನ ಮಾತಲ್ಲ, ಅವ್ವನದು. ಅದಕ್ಕೇ ಕೇಳು.

ಗಂಗಹನುಮಯ್ಯ

*

ಉಯ್ಯಂಬಳ್ಳಿ
12-11-1999

ಅಪ್ಪನಿಗೆ,

ಕುರುಡನಿಗೆ ಹೇಳುವ ಹಾಗೇ ಹೇಳುತ್ತೇನೆ, ನಗಬೇಡಿ.

ಹಿಂದಿನ ದಿನವೇ ಟ್ರೇಗಳನ್ನು ತೊಳೆದಿಟ್ಟಿರುತ್ತೇನೆ. ಬಿಸಿಲೇರುವ ಮೊದಲು ಹುಳು ತಲುಪಬೇಕು. ಹುಳುವನ್ನು ಜೋಡಿಸಿ, ಗೋಣಿ ಹೊದಿಸಿ, ಬಾಗಿಲು ತೆಗೆದು ಕೂರುತ್ತೇನೆ. ಅತ್ತೆ ಜಗಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿರುತ್ತಾರೆ. ಬಾಗಿಲು ತೆಗೆದೇ ಇರುತ್ತದೆ. ನನ್ನ ಕೈ ಮೊದಲು ಹೋಗುವುದು ಚೋಕ್ ಗುಂಡಿಗೆ. ಅದನ್ನು ಪೂರ್ತಿ ಎಳೆಯುತ್ತೇನೆ. ಬೀಗದ ಕೈ ತಿರುಗಿಸಿದರೆ ಎರಡು ಸಲ ಕೆಮ್ಮಿ ಇಂಜಿನ್ನು ಎದ್ದೇಳುತ್ತದೆ. ಮಾರಮ್ಮನ ಗುಡಿಯ ಹತ್ತಿರ ಏರು. ಅದು ಹತ್ತುತ್ತಲೂ ಗುಂಡಿಯನ್ನು ಒಳಕ್ಕೆ ತಳ್ಳುತ್ತೇನೆ. ದಾರಕ್ಕೆ ಬಡಿದು ನಿಲ್ಲುತ್ತದೆ.

ಯಾವ ದಾರ ಎಂದರೆ, ಗುಂಡಿಯ ಹಿಂದೆ ಅರಿಶಿನದ ದಾರ ಸುತ್ತಿದೆ. ಪೂಜೆಯದು. ನಮ್ಮ ಮನೆಯಲ್ಲಿ ದಾರ ಕಟ್ಟಿಸಿಕೊಳ್ಳದ ವಸ್ತುವೇ ಇಲ್ಲ. ಸೊಪ್ಪು ಹೆಚ್ಚುವ ಕತ್ತಿಗೂ ಇದೆ, ರೇಷ್ಮೆ ಸ್ಟ್ಯಾಂಡಿನ ಕಾಲಿಗೂ ಇದೆ, ನಾನು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ಗುಂಡಿಯ ಹಿಂದಿನದು ಸ್ವಲ್ಪ ದಪ್ಪ. ಅದರ ಜೊತೆ ಒಂದು ಹಳದಿ ಬಟ್ಟೆಯ ಗಂಟು, ಒಳಗೆ ದುಡ್ಡೇನೋ ಇದ್ದ ಹಾಗಿದೆ, ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿದ್ದಾರೆ. ಆಯುಧಪೂಜೆಯ ದಿನ ಅತ್ತೆ ಮುಟ್ಟಬೇಡ ಎಂದದ್ದು ಇದನ್ನೇ.

ಮೆಟ್ಟಿಲ ಮಾತು ನೀವು ಕೇಳಿದ ಮೇಲೆ ಹೊಳೆಯಿತು. ಹೌದು, ಮೆಟ್ಟಿಲೇ. ಒಂದು ಚಾಕಿ ಹಂಚಿ, ಮುಂದಿನ ಚಾಕಿ ಹಂಚುವ ಹೊತ್ತಿಗೆ ಒಂದಿಷ್ಟು ಇಳಿದಿರುತ್ತದೆ. ನಡುವೆ ಇಳಿಯುವುದಿಲ್ಲ. ಈಗ ಒಂಬತ್ತು.

ಶಿವಲಿಂಗಿ

*

ವಿರೂಪಾಕ್ಷಿಪುರ
18-11-1999

ನನ್ನವ್ವ ಶಿವಲಿಂಗಿಗೆ,

ಸಿಕ್ಕಿತು. ನಿನ್ನ ಕಾಗದದಲ್ಲಿ "ದಾರಕ್ಕೆ ಬಡಿದು ನಿಲ್ಲುತ್ತದೆ" ಅನ್ನುವುದನ್ನು ಓದಿ ನಾನು ಎದ್ದು ನಿಂತುಬಿಟ್ಟೆ. ನಿಲ್ಲುವ ತನಕ ತಳ್ಳಿದ್ದೇನೆ ಎಂದು ನೀನು ಬರೆದಾಗ ಎಲ್ಲಿ ನಿಂತಿತು ಎಂದು ಕೇಳಬೇಕಿತ್ತು.

ಚೋಕ್ ಅಂದರೆ ಏನು? ಮಗುವಿನ ಮೂಗು ಹಿಡಿದು ಔಷಧಿ ಕುಡಿಸುತ್ತಾರಲ್ಲ, ಅದೇ. ತಣ್ಣಗಿರುವ ಇಂಜಿನ್ನಿಗೆ ಗಾಳಿ ತಡೆದು ಪೆಟ್ರೋಲು ಹೆಚ್ಚಾಗಿ ಕುಡಿಸುವುದು. ಬಿಸಿಯಾದ ಮೇಲೆ ಮೂಗು ಬಿಡಬೇಕು. ನಿನ್ನ ಗುಂಡಿ ದಾರದ ದಪ್ಪದಷ್ಟು ಆಚೆಯೇ ನಿಂತಿದೆ, ಅಂದರೆ ಇಂಜಿನ್ನಿನ ಮೂಗನ್ನು ಅರ್ಧ ಹಿಡಿದೇ ದಿನವೆಲ್ಲ ಓಡಿಸುತ್ತಿದ್ದೀಯ. ಕಪ್ಪು ಪ್ಲಗ್ಗು, ವಾಸನೆ, ಮೈಲೇಜು, ಎಲ್ಲ ಅದರದ್ದೇ. ಸುತ್ತು ಹೆಚ್ಚಿದ ಹಾಗೆಲ್ಲ ಗುಂಡಿ ಆಚೆ ಬಂತು, ಮೈಲೇಜು ಮೆಟ್ಟಿಲು ಇಳಿಯಿತು.

ಬ್ಲೇಡು ತೆಗೆದುಕೊಂಡು ಕತ್ತರಿಸು ಎಂದು ಬರೆಯಲು ಕೂತಿದ್ದೆ. ನಿಮ್ಮವ್ವ ಪೆನ್ನು ಕಿತ್ತುಕೊಂಡಳು. "ದುಡ್ಡು ಇಕ್ಕಿ ಹಳ್ದಿ ಬಟ್ಟೇಲಿ ಗಂಟು ಕಟ್ಟವ್ರೆ ಅಂದ್ರೆ ಅದು ಪೂಜೆ ದಾರ ಅಲ್ಲ. ಮುಡಿಪು. ಆಯಮ್ಮ ಏನೋ ಹರಕೆ ಹೊತ್ತವ್ಳೆ. ಕುಯ್ದು ಗಿಯ್ದೀರಾ" ಎಂದಳು.

ಹಾಗಾದರೆ ಇನ್ನೊಂದು ದಾರಿ ಇದೆ. ಆ ಗುಂಡಿಯಿಂದ ಹೋಗುವ ತಂತಿಯ ಆ ಕಡೆಯ ತುದಿಯನ್ನು ರಸೂಲರು ಒಂದೇ ನಿಮಿಷದಲ್ಲಿ ಕಳಚುತ್ತಾರೆ. ಕಾರು ಸರಿಯಾಗುತ್ತದೆ, ದಾರ ಇದ್ದಲ್ಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಇದೇ ಸರಿ ಕಂಡಿತು. ನಿಮ್ಮವ್ವ ಅದಕ್ಕೂ ತಲೆ ಅಲ್ಲಾಡಿಸಿದಳು. "ಕಾರು ಸರಿ ಹೋಯ್ತದೆ. ಮುಡಿಪು ಕಟ್ಟಿರೋ ಮನಸು ಯಾತುಕ್ಕೆ ಕಟ್ತು ಅಂತ ಈ ಮಗೀಗೆ ಯಾವತ್ತು ಗೊತ್ತಾಗಬೇಕು?" ಅಂದಳು.

ಎರಡು ದಾರಿಯನ್ನೂ ಬರೆದಿದ್ದೇನೆ. ತುದಿ ಕಳಚಿಸುವುದಾದರೆ ಇವತ್ತೇ ಕಳಚಿಸು. ಕೇಳುವುದಾದರೆ ಮೆತ್ತಗೆ ಕೇಳು. ಕಾರ್ತಿಕ ಕಳೆಯಲು ಹೆಚ್ಚು ದಿನ ಇಲ್ಲ.

ಗಂಗಹನುಮಯ್ಯ

*

ಉಯ್ಯಂಬಳ್ಳಿ
2-12-1999

ಅಪ್ಪನಿಗೆ, ಅವ್ವನಿಗೆ,

ನಿಮ್ಮ ಕಾಗದ ಬಂದು ಒಂದು ವಾರ ನಾನು ಎರಡೂ ಮಾಡಲಿಲ್ಲ. ರಸೂಲ್ ಸಾಬರ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಇಳಿಯದೆ ವಾಪಸ್ಸು ಬಂದೆ. ಅವ್ವನ ಮಾತು ತಲೆಯಿಂದ ಹೋಗಲಿಲ್ಲ.

ಮೊನ್ನೆ ಮಧ್ಯಾಹ್ನ ಅತ್ತೆ ರೇಷ್ಮೆ ಮನೆಯಲ್ಲಿ ಮರಿಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ನಾನೂ ಒಂದು ಮಣೆ ಎಳೆದುಕೊಂಡು ಕೂತೆ. ಅತ್ತೆಮ್ಮ, ಕಾರಿನೊಳಗೆ ಮುಡಿಪು ಕಟ್ಟಿದ್ದೀರಲ್ಲ, ಯಾವ ಹರಕೆ ಎಂದೆ. ಕತ್ತಿ ನಿಂತಿತು. ಹೆಚ್ಚಿದ ಸೊಪ್ಪನ್ನು ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ ಹೇಳಿದರು. ಅವರ ಮಾತನ್ನು ಅವರಂದ ಹಾಗೇ ಬರೆಯುತ್ತೇನೆ:

"ಯುಗಾದಿ ದಿಸ ನಿಮ್ಮಪ್ಪನ ಮುಂದೆ ಬಾಯಿ ಬುಟ್ಬುಟ್ಟೆ. ನನ್ನ ಮಗನ ಕೈಲಿ ತಗಳಕ್ಕಾಗ್ನಿಲ್ಲ ಅಂತ ಬೀಗ್ರು ತಂದು ನಿಲ್ಸವ್ರೆ ಅಂತ ಒಟ್ಟೆ ಉರೀತು. ಹಬ್ಬದ ದಿಸ ಹೊಸ್ಲು ಮ್ಯಾಲೆ ನಿಂತ್ಕಂಡು ಹಳ್ಳಕ್ಕೆ ಬೀಳ್ತಾಳೆ ಅಂದೆ. ಅವ್ರು ಎಲೆ ಬುಟ್ಟು ಎದ್ದೋದ್ರು. ಅವ್ರು ಹೋದ್ಮ್ಯಾಕೆ ನನ್ಗೆ ದಿಗಿಲಾಯ್ತು. ಬಾಯಿಂದ ಹೊಂಟಿದ್ದ ಮಾತ ಮಾರಮ್ಮ ಕೇಳುಸ್ಕಂಡಿರ್ತಾಳಲ್ಲವ್ವ. ನೀನು ದಿನ ಬೆಳಗಾದ್ರೆ ಆ ಹಳ್ಳದ ದಾರೀಲೇ ಹೋಗ್ಬೇಕು. ನನ್ನ ಮಾತು ನಿನ್ಗೆ ತಟ್ಟದೆ ಇರ್ಲಿ ಅಂತ ಅವತ್ತು ಸಂದೇಲೇ ಹರಕೆ ಹೊತ್ಕಂಡು, ನಿನ್ನ ಕೈ ಎಲ್ಲಿಗೆ ಹೋಯ್ತದೆ ಅಂತ ನಾಕು ದಿಸ ನೋಡಿ ಮುಡಿಪು ಕಟ್ದೆ. ನೀನು ಹುಳ ಹಂಚಿ ಸುಸೂತ್ರವಾಗಿ ಮನೆ ಸೇರ್ದಾಗೆಲ್ಲ ಅದುಕ್ಕೊಂದು ಸುತ್ತು ಸುತ್ತುದೆ."

ಆ ಗುಂಡಿಗೇ ಯಾಕೆ ಕಟ್ಟಿದಿರಿ ಎಂದೆ. ನನ್ನನ್ನು ದಡ್ಡಿ ಎನ್ನುವ ಹಾಗೆ ನೋಡಿದರು. "ಕುಂತೇಟ್ಗೆ ನೀನು ಮೊದ್ಲು ಮುಟ್ಟೋದು ಅದುನ್ನೇಯ. ಅದ ಎಳುದ್ರೇನೆ ಗಾಡಿಗೆ ಜೀವ ಬರಾದು. ಜೀವ ಇರೋ ಜಾಗ್ದಲ್ಲಿ ಕಟ್ಟದೆ ಇನ್ನೆಲ್ಲಿ ಕಟ್ಲಿ?"

ಅಪ್ಪ, ಯುಗಾದಿಯಿಂದ ಪ್ರತಿದಿನ ಬೆಳಿಗ್ಗೆ ಅವರು ಜಗಲಿಯ ಮೇಲೆ ಕೂತು ನನ್ನನ್ನು ನೋಡುತ್ತಿದ್ದರೆ ಏನು ತಪ್ಪು ಹುಡುಕುತ್ತಿದ್ದಾರೋ ಎಂದುಕೊಂಡಿದ್ದೆ. ಅವರು ನನ್ನ ಕೈ ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಸೊಪ್ಪಿನ ಮೇಲೆ ಕಣ್ಣೀರು ಬಿದ್ದರೆ ಹುಳುವಿಗಾಗದು, ಆಚೆ ಹೋಗಿ ಅಳು ಎಂದು ಗದರಿದರು. ಇಬ್ಬರೂ ಆಚೆ ಬಂದೆವು.

ಆ ದಾರದಿಂದಲೇ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ, ಹುಳುವಿಗೆ ವಾಸನೆ ಹೊಡೆಯುತ್ತಿದೆ ಎಂದು ಹೇಳಿದೆ. ಹೇಳಬಾರದಿತ್ತೇನೋ. ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಕೂಡಲೇ, ಕಾರು ಏನು ಕುಡಿದರೂ ಕುಡಿಯಲಿ ಅತ್ತೆಮ್ಮ, ಇಷ್ಟು ದಿನ ನಾನು ಮನೆ ಸೇರಿದೆನಲ್ಲ ಎಂದೆ. ಬರೀ ಸಮಾಧಾನಕ್ಕೆ ಅಂದದ್ದಲ್ಲ. ಮಳೆಗಾಲದಲ್ಲಿ ಆ ಹಳ್ಳದ ಹತ್ತಿರ ಒಂದು ಸಲ ಕಾರು ಜಾರಿ ಅಂಚಿಗೆ ಹೋಗಿ ನಿಂತಿತ್ತು. ನಿಮಗೂ ಬರೆದಿರಲಿಲ್ಲ.

ಸಂಜೆ ಅವರೇ ಮಗನನ್ನು ಕರೆದು, ಕನಕಪುರದವರಿಗೆ ಕಾರು ಕೊಡುವುದಿಲ್ಲ ಎಂದು ಹೇಳಿ ಬರಲು ಕಳಿಸಿದರು. ಹಾಗಾದರೆ ಮುಡಿಪು ಬಿಚ್ಚಿ ಮಾರಮ್ಮನಿಗೆ ಒಪ್ಪಿಸೋಣವೇ ಎಂದೆ. ಆಗ ಅಂದ ಮಾತು ನಿಮಗೆ ಹೇಳಿ ಕಳಿಸಿದ್ದು: "ಗಾಡಿ ಕೊಟ್ಟವ್ರೇ ಬಂದು ಬಿಚ್ಬೇಕು ಅನ್ನು. ಅವ್ರ ಮುಂದೆ ಆಡಿದ್ ಮಾತು ಅವ್ರ ಮುಂದೇನೇ ಕಳೀಬೇಕು. ನಾನು ಕರುದ್ನಂತೆ ಅನ್ನು."

ಬರುತ್ತೀರಾ ಅಪ್ಪ?

ಶಿವಲಿಂಗಿ

*

ವಿರೂಪಾಕ್ಷಿಪುರ
8-12-1999

ಶಿವಲಿಂಗಿಗೆ,

ಹದಿನಾಲ್ಕನೇ ತಾರೀಖು ಮಂಗಳವಾರ ಮೊದಲ ಬಸ್ಸಿಗೆ ನಾನೂ ಅವ್ವನೂ ಬರುತ್ತೇವೆ. ಊಟ ಮಾಡಿಕೊಂಡು ಬರುವುದಿಲ್ಲ ಎಂದು ಅತ್ತೆಯವರಿಗೆ ಹೇಳು.

ಗಂಗಹನುಮಯ್ಯ

*

ಉಯ್ಯಂಬಳ್ಳಿ
30-12-1999

ಅಪ್ಪನಿಗೆ,

ನೀವು ಬಂದು ಹೋದ ಮೇಲೆ ಎರಡು ಸಲ ಕತ್ತಿನ ತನಕ ತುಂಬಿಸಿ ಲೆಕ್ಕ ಹಾಕಿದೆ. ಹದಿನಾರೂವರೆ. ವಾಸನೆ ಇಲ್ಲ. ಹುಚ್ಚಯ್ಯನವರ ಮನೆಯಲ್ಲಿ ಹುಳು ಇಳಿಸುತ್ತಲೂ ಸೊಪ್ಪಿಗೆ ಬಾಯಿ ಹಾಕಿದವು. ರಸೂಲ್ ಸಾಬರಿಗೆ ವಿಷಯ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ತಾಯಿ ಹಮೀದಾ ಬಿ ತಾವು ಕೆಲಸ ಕಲಿಯಲು ಹೋದ ದಿನ ತೋಳಿಗೆ ಕಟ್ಟಿದ ತಾಯತ ತೋರಿಸಿದರು.

ಇನ್ನೊಂದು ಸುದ್ದಿ. ಹುಚ್ಚಯ್ಯನವರ ಮನೆಗೆ ಹೋದಾಗ ಅತ್ತೆ ಕಾರಿನಲ್ಲಿ ಬಂದರು. ಒಂದು ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ನಿಧಾನ ನಿಧಾನ ಎನ್ನುತ್ತ. ಹಳ್ಳ ದಾಟುವಾಗ ಮಾತ್ರ ಏನೂ ಅನ್ನಲಿಲ್ಲ.

ಶಿವಲಿಂಗಿ

*

ವಿರೂಪಾಕ್ಷಿಪುರ
5-1-2000

ದೊಡ್ಡಲಕ್ಷ್ಮಮ್ಮನವರಿಗೆ ಬೀಗ ಗಂಗಹನುಮಯ್ಯನ ನಮಸ್ಕಾರ.

ಅಕ್ಕ, ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಶಿವಲಿಂಗಿ ಓದಿ ಹೇಳುತ್ತಾಳೆ. ಎಲ್ಲಾದರೂ ಬಿಟ್ಟು ಓದಿದರೆ ಕಿವಿ ಹಿಂಡಿ.

ನಿಮ್ಮ ಮನೆಯ ಮುದ್ದೆ, ಅವರೆಕಾಳಿನ ಸಾರು ಇನ್ನೂ ಬಾಯಲ್ಲಿದೆ. ಯುಗಾದಿಯ ದಿನ ಬಿಟ್ಟು ಬಂದ ಎಲೆಯ ಋಣವೂ ಸೇರಿಸಿ ಎರಡೆಲೆಯಷ್ಟು ಬಡಿಸಿದಿರಿ. ಅವತ್ತು ಕಾರಿನ ಮುಂದೆ ನಾವಿಬ್ಬರೂ ನಿಂತಾಗ ನೀವು ಏನೋ ಹೇಳಲು ಹೋದಿರಿ, ನಾನು ಬೇಡ ಎಂದು ಕೈ ಅಡ್ಡ ಹಿಡಿದೆ. ಅದು ಬಿಗುಮಾನಕ್ಕಲ್ಲ. ನೀವು ಹೇಳಿಬಿಟ್ಟಿದ್ದರೆ ನಾನು ಅಳುತ್ತಿದ್ದೆ, ಅಳಿಯಂದಿರು ಪಕ್ಕದಲ್ಲೇ ಇದ್ದರು.

ಮುಡಿಪು ಬಿಚ್ಚಲು ಕೂತಾಗ ನನಗೆ ಒಂದು ಗಳಿಗೆಯ ಕೆಲಸ ಅನ್ನಿಸಿತ್ತು. ಸುತ್ತು ಬಿಚ್ಚುತ್ತಾ ಹೋದೆ, ಮುಗಿಯಲೇ ಇಲ್ಲ. ಒಂದೊಂದು ಸುತ್ತೂ ನನ್ನ ಮಗಳು ಒಂದು ದಿನ ಮನೆ ಸೇರಿದ್ದು. ಅದೇ ಹೊತ್ತಿಗೆ ನಾನು ಇಲ್ಲಿ ಕೋಪ ಮಾಡಿಕೊಂಡು ಕೂತಿದ್ದೆ, ನೀವು ಅಲ್ಲಿ ದಾರ ಸುತ್ತುತ್ತಿದ್ದಿರಿ. ಕೊನೆಗೆ ಗುಂಡಿ ಪೂರ್ತಿ ಒಳಕ್ಕೆ ಹೋಗಿ ಇಂಜಿನ್ನಿನ ಸದ್ದು ಇಳಿದಾಗ ನೀವು "ಉಸ್ರು ಬುಟ್ಟಂಗಾಯ್ತು" ಎಂದಿರಿ. ಮೂವತ್ತು ವರ್ಷ ಇಂಜಿನ್ನಿನ ಸದ್ದು ಕೇಳಿದವನು ನಾನು, ನನ್ನ ಬಾಯಿಗೆ ಆ ಮಾತು ಬರಲಿಲ್ಲ.

ಇನ್ನು ಮುಂದೆ ಕಾರಿಗೆ ದಾರ ಕಟ್ಟಬೇಕು ಎನ್ನಿಸಿದರೆ ಎಲ್ಲಿಗಾದರೂ ಕಟ್ಟಿ, ಬ್ರೇಕಿನ ತಂಟೆಗೆ ಮಾತ್ರ ಹೋಗಬೇಡಿ. ಕನ್ನಡಿಗೆ ಕಟ್ಟಿ ಎಂದು ಅವತ್ತು ನಾನೆಂದಾಗ, ಅದು ಹಿಂದಿಂದ ನೋಡೋದುಕ್ಕೆ, ಹಿಂದಿಂದು ಸಾಕು ಎಂದು ನೀವು ಬೇಡವೆಂದಿರಿ. ಈಗ ನೀವೇ ಪಕ್ಕದಲ್ಲಿ ಕೂತು ಹೋಗುತ್ತಿದ್ದೀರಂತೆ. ಅದಕ್ಕಿಂತ ದೊಡ್ಡ ಕಾವಲು ನನಗೆ ಗೊತ್ತಿಲ್ಲ. ನಾನು ಕಾರು ಕೊಟ್ಟು ಬಂದೆ, ಅಷ್ಟೇ. ಅವಳನ್ನು ದಿನಾ ಮನೆ ಸೇರಿಸಿದವರು ನೀವು. ಈ ಉಪಕಾರ ತೀರಿಸುವುದು ನನ್ನಿಂದ ಆಗದು, ತೀರಿಸುವ ಮನಸ್ಸೂ ಇಲ್ಲ.

ಮುಡಿಪಿನ ಕಾಸು ಮಾರಮ್ಮನಿಗೆ ಹೋಯಿತು. ದಾರವನ್ನು ನಾನು ನಿಮ್ಮಿಂದ ಕೇಳಿ ಇಸ್ಕೊಂಡು ಬಂದೆನಲ್ಲ, ಯಾಕೆ ಎಂದು ನೀವು ಕೇಳಿದ್ದಿರಿ, ಆಗ ಹೇಳಲಿಲ್ಲ. ಮುನಿಯಮ್ಮ ಅದನ್ನು ನನ್ನ ಹಳೇ ಸ್ಪ್ಯಾನರ್ ಪೆಟ್ಟಿಗೆಯ ಚಿಲಕಕ್ಕೆ ಸುತ್ತಿದ್ದಾಳೆ, ಒಂದು ಎಳೆಯನ್ನೂ ಬಿಡದೆ. ಈಗ ಪೆಟ್ಟಿಗೆಯ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ನಾನು ಹಾಗೇ ಬಿಟ್ಟಿದ್ದೇನೆ.

ನಿಮ್ಮ ಬೀಗ
ಗಂಗಹನುಮಯ್ಯ